ಸುತ್ತು ವಯಲೆಟ್ ಮತ್ತು ಒತ್ತುವರಿ ತೆರವು

ಮುಚ್ಚಿಹೋದ ನೂಲಿನ ಗಿರಣಿಯವರು ಮುಖಂಡರಿಗೆ ಕೊಡಬೇಕಾದ ಕೊನೆಯ ವರ್ಷದ ಸಂಬಳ ಇವತ್ತಿಗೂ ಬಾಕಿ. ಮುಖಂಡರೆಂದರೆ ಗಿರಣಿಯ ಹಳೆಯ ಹೋರಾಟಗಾರ. ಬೀದಿಯವರೆಲ್ಲ ಹಾಗೇ ಕರೆಯುವುದು. ಗಿರಣಿ ಮುಚ್ಚಿದ್ದಕ್ಕೆ ತಾನು ಮನೆಯಲ್ಲಿ ಕೂತೆ, ಕೂತದ್ದಕ್ಕೆ ಹೆಂಡತಿಯ ಹೂಕುಂಡಗಳು ಕಣ್ಣಿಗೆ ಬಿದ್ದವು, ಆದ್ದರಿಂದ ಮುಂದಿನ ಅನಾಹುತಕ್ಕೆಲ್ಲ ಮಾಲೀಕನೇ ಹೊಣೆ ಎಂಬುದು ಅವರ ವಾದ.

ಕುಂಡಗಳಲ್ಲಿದ್ದದ್ದು ಘಮದ ವಯಲೆಟ್ ಹೂವಿನ ಗಿಡಗಳು. ಬಣ್ಣ ಬಳಿದುಕೊಂಡು ಬಂದು ಮೂಗಿಗೆ ನಾಮ ಹಾಕುವ ಅಂಗಡಿಯ ಜಾತಿಯಲ್ಲ. ಅಜ್ಜಿಯರ ಕಾಲದ ತಳಿಗಳು. ಕಡುನೇರಳೆಯದೊಂದು, ಬಿಳಿಯದೊಂದು, ಮಾಸಲು ಗುಲಾಬಿಯದೊಂದು. ನಡುವೆ ರಾಣಿಯ ಹಾಗೆ ಸುತ್ತು ವಯಲೆಟ್: ತಿಳಿನೇರಳೆ, ಎಸಳಿನ ಮೇಲೆ ಎಸಳು, ಅರಳಿತೆಂದರೆ ಕೆಳಗಿನ ಮನೆಯವರೂ ಮೂಗೆತ್ತಬೇಕು. ಹೆಂಡತಿಯ ಸೋದರತ್ತೆ ಸಾಕಿ ಉಳಿಸಿದ್ದು. ಅತ್ತೆಯ ಬಳಿಯಿದ್ದ ಗಿಡ ಬೇರು ಕೊಳೆತು ಹೋಗಿತ್ತು. ಉಳಿದದ್ದು ಇದೊಂದೇ ಕುಂಡ.

ಮಗಳ ಬಾಣಂತನಕ್ಕೆ ಹೊರಟ ಹೆಂಡತಿ ಹೇಳಿದ್ದಿಷ್ಟೇ: ನೀರು ಹಾಕಿ, ಕಳೆ ಕೀಳಿ, ಬೇರೇನೂ ಮಾಡಬೇಡಿ.

"ಸಾವಿರಾರು ಜನರನ್ನ ಬೀದಿಗಿಳಿಸಿದೋನಿಗೆ ನಾಲ್ಕು ಕುಂಡ ಒಂದು ಲೆಕ್ಕವೇನೇ?" ಎಂದು ಮುಖಂಡರು ಮೀಸೆ ತಿರುವಿದರು.

ಕೆಲವು ದಿನಗಳಲ್ಲೇ ರಾಣಿಯ ಕುಂಡದಲ್ಲಿ ಪುಟ್ಟ ಸಸಿಗಳು ತಲೆಯೆತ್ತಿದವು. ಪಕ್ಕದ ಕುಂಡಗಳ ಬೀಜವನ್ನು ಇರುವೆಗಳು ಹೊತ್ತು ತಂದಿದ್ದವು. ಫೋನಿನಲ್ಲಿ ಹೆಂಡತಿ, ಕಿತ್ತುಹಾಕಿ ಎಂದಳು. ಮುಖಂಡರ ರಕ್ತ ಕುದಿಯಿತು. ಗುಡಿಸಲು ಕೆಡವಲು ಬಂದ ಬುಲ್ಡೋಜರ್ ಮುಂದೆ ಅಂಗಾತ ಮಲಗಿದ ಮನುಷ್ಯ! ಬಡಪಾಯಿ ಸಸಿಗಳನ್ನು ಒಕ್ಕಲೆಬ್ಬಿಸುವುದೇ?

ಬದಲಿಗೆ ರಾಣಿಯ ಮೇಲೆಯೇ ವಿಚಾರಣೆ ನಡೆಯಿತು. ಬೀಜ ಕಟ್ಟುವುದಿಲ್ಲ, ದುಡಿಮೆಯಿಲ್ಲ, ಬರೀ ವಂಶದ ಬಡಾಯಿ. ಸಾಲದ್ದಕ್ಕೆ ಸುತ್ತಲೂ ಹಂಬು ಚಾಚಿ ಸಸಿಗಳ ನೆಲಕ್ಕೂ ಕೈಹಾಕಿದೆ. ಶುದ್ಧ ಜಮೀನ್ದಾರಿಕೆ! ಮುಖಂಡರು ಕತ್ತರಿ ತಂದು ಹಂಬುಗಳನ್ನೆಲ್ಲ ಕಚಕಚನೆ ಕತ್ತರಿಸಿ, ಕಸದ ಗಾಡಿಗೆ ಸುರಿದು ಒತ್ತುವರಿ ತೆರವು ಮಾಡಿದರು. ಸಸಿಗಳು ಕೊಬ್ಬಿ ರಾಣಿಯ ತಲೆಯ ಮೇಲೇ ಕೂತವು. ರಾಣಿ ಹಳದಿಯಾಗಿ ತಲೆಬಾಗಿತು. ಮುಖಂಡರು ಅದನ್ನು ಪಶ್ಚಾತ್ತಾಪ ಎಂದುಕೊಂಡರು.

ಬಾಣಂತನ ಮುಗಿಸಿ ಬಂದ ಹೆಂಡತಿ ಚೀಲವನ್ನೂ ಇಳಿಸದೆ ಕುಂಡದ ಮುಂದೆ ಕುಕ್ಕರಿಸಿದಳು. ಎಲೆ ಸರಿಸಿದರೆ ರಾಣಿಯ ಬುಡ ಕಪ್ಪಾಗಿತ್ತು. ಮುಖಂಡರು ತಮ್ಮ ಭೂಸುಧಾರಣೆಯನ್ನು ವಿವರಿಸಿದರು. ಆಕೆ ಪೂರ್ತಿ ಕೇಳಿಸಿಕೊಂಡಳು.

"ರೀ, ಮೈಯೆಲ್ಲಾ ಎಸಳೇ ಆದ್ರೆ ಬೀಜ ಎಲ್ಲಿಂದ ಕಟ್ಟುತ್ತೆ? ಅದರ ಮಕ್ಕಳು ಅಂದ್ರೆ ಆ ಹಂಬುಗಳೇ."

"ಅಂದ್ರೆ... ಅದು ಒತ್ತುವರಿ ಅಲ್ವಾ?"

"ನೀವು ಒಕ್ಕಲೆಬ್ಬಿಸಿದ್ದು ಜಮೀನ್ದಾರನ್ನಲ್ಲ, ಬಾಣಂತೀನ. ಕೂಸುಗಳ ಸಮೇತ. ಹೋಗ್ಲಿ, ಬೀಜದಿಂದ ಹುಟ್ಟಿದ್ದು ತಾಯಿ ಹಾಗೇ ಇರುತ್ತೆ ಅಂತಿಲ್ಲ. ನಿಮ್ಮ ಸಸಿಗಳಾದ್ರೂ ಘಮ ಅಂತಾವಾ, ಮೂಸಿ ನೋಡಿ."

ಮುಖಂಡರು ಸಸಿಯಲ್ಲಿ ಅರಳಿದ್ದ ಒಂದು ಹೂವಿಗೆ ಮೂಗಿಟ್ಟರು. ಒದ್ದೆ ಮಣ್ಣಿನ ವಾಸನೆ ಬಂತು.

ಆಕೆ ಅಡುಗೆಮನೆಯ ಹೊಸ್ತಿಲಲ್ಲಿ ಧರಣಿ ಕೂತಳು. ಬೇಡಿಕೆ ಒಂದೇ: ಅದೇ ತಳಿ ಬೇಕು. ಜೀವಮಾನದಲ್ಲಿ ಮೊದಲ ಸಲ ಆಡಳಿತ ಮಂಡಳಿಯಾದ ಮುಖಂಡರು, ಮಾಲೀಕರು ಆಡುವ ಆಟವನ್ನೆಲ್ಲ ಆಡಿದರು. ಪರಿಶೀಲಿಸೋಣ ಎಂದರು. ಸಮಿತಿ ಮಾಡೋಣ ಎಂದರು. ಒಲೆ ಹೊತ್ತಲಿಲ್ಲ.

ಕಡೆಗೆ ನರ್ಸರಿಗಳನ್ನು ಸುತ್ತಿದರು. ಎಲ್ಲ ಕಡೆಯೂ ಘಮವಿಲ್ಲದ ಹೂ.

"ಆ ಹಳೇದೆಲ್ಲ ಯಾರಿಗೆ ಬೇಕು ಸಾರ್?" ಎಂದ ಒಬ್ಬ ನರ್ಸರಿಯವನು. "ಇದು ತಗೊಳ್ಳಿ, ವರ್ಷವಿಡೀ ಅರಳುತ್ತೆ. ಘಮ ಬೇಕಂದ್ರೆ ಸೆಂಟು ಹೊಡ್ಕೊಳ್ಳಿ."

ಹಳೆಯ ತಳಿಗಳನ್ನೆಲ್ಲ ನುಂಗಿ ನೀರು ಕುಡಿದ ಲಾಭಕೋರ ಎಂದು ಬೈಯಲು ಮುಖಂಡರು ಬಾಯಿ ತೆರೆದರು. ಕತ್ತರಿ ಆಡಿಸಿದ ಕೈ ಯಾರದೆಂಬುದು ಹೊಳೆದು, ಬಾಯಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು.

ಧರಣಿ ಮುಗಿದಿಲ್ಲ. ಈಗ ನಿಮ್ಮನ್ನೇ ಕೇಳುತ್ತಿರುವುದು, ಓದುವವರೇ. ನಿಮ್ಮ ಹಿತ್ತಲ ನಲ್ಲಿಯ ಪಕ್ಕದಲ್ಲೋ, ಅತ್ತೆಯ ಮನೆಯ ಒಡಕು ಬಕೆಟ್ಟಿನಲ್ಲೋ ತಿಳಿನೇರಳೆ ಸುತ್ತಿನ ಹೂ ಇದ್ದರೆ, ಕಳೆಯೆಂದು ಕೀಳಬೇಡಿ. ಒಂದು ಹಂಬು ತಂದು ಕೊಡಿ. ಮುಖಂಡರ ಕೈಗಲ್ಲ, ಆಕೆಯ ಕೈಗೆ.