ಮಂಜನ ಲಾರಿಯ ಬಣ್ಣ

ಬಣ್ಣದ ವಿಷಯದಲ್ಲಿ ನನ್ನಂಥ ಪೀಡೆ ಹೊನ್ನಾವರದಲ್ಲಿ ಇನ್ನೊಂದಿಲ್ಲ. ಇದು ಹೆಂಡತಿಯ ಮಾತು, ನಾನು ಒಪ್ಪಿಕೊಂಡಾಗಿದೆ. ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ ನಾನು. ಮಕ್ಕಳು ಬರೆದ ದಾಸವಾಳ ತುಸು ಕೇಸರಿಗೆ ತಿರುಗಿದರೂ ಅಂಕ ಕಡಿಯುತ್ತೇನೆ. ಒಮ್ಮೆ ಊಟಕ್ಕೆ ಕೂತು, ಸಾರು ನಿನ್ನೆಗಿಂತ ಮಾಸಲಾಗಿದೆ ಎಂದುಬಿಟ್ಟೆ. ಮುಂದೆ ಎರಡು ದಿನ ಸಾರೇ ಇರಲಿಲ್ಲ.

ಇಂಥವನ ಕೈಗೆ ಅತ್ತೆ ಸಿಕ್ಕಿಬಿದ್ದರು. ಹಳದೀಪುರದ ನನ್ನ ಅತ್ತೆಗೆ ಒಬ್ಬನೇ ಮಗ, ಮಂಜ. ಯುದ್ಧ ಶುರುವಾದ ಮೇಲೆ ಬ್ರಿಟಿಷರ ಮಿಲಿಟರಿಯಲ್ಲಿ ಲಾರಿ ಡ್ರೈವರನಾಗಿ ಸೇರಿ ಎಲ್ಲಿಗೋ ಹಡಗು ಹತ್ತಿದ. ಒಂದು ದಿನ ಅತ್ತೆ ಅಂದರು, "ಅವನ ಮುಖ ಕಣ್ಣಿಗೆ ಬರ್ತದೆ ಅಳಿಯಂದಿರೆ. ಅವ ಎಂತದ್ರಲ್ಲಿ ಕೂತ್ಕಂಡಿದ್ದ ಅನ್ನೂದೇ ಬರೂದಿಲ್ಲ. ಅರ್ಧ ಮಗನ್ನ ನೆನಸ್ದಂಗೆ ಆಗ್ತದೆ."

ಮರದಲ್ಲಿ ಗೇಣುದ್ದದ ಲಾರಿ ಮಾಡಿಕೊಡುತ್ತೇನೆ, ಕೂದಲೆಳೆಯ ವ್ಯತ್ಯಾಸ ಇರುವುದಿಲ್ಲ ಎಂದು ನಾನು ಎದೆ ತಟ್ಟಿಕೊಂಡೆ. ಗಾಲಿ, ಬಾಗಿಲು, ತಾಡಪತ್ರಿಯ ಚೌಕಟ್ಟು ಎಲ್ಲ ಬೇಗ ಆಯಿತು. ಬಣ್ಣ ಯಾವುದು? ಮಂಜನಿಗೇ ಪತ್ರ ಬರೆದು ಕೇಳಿದೆ. ಯುದ್ಧಕಾಲದಲ್ಲಿ ಸಿಪಾಯಿಗೆ ಕೇಳುವ ಪ್ರಶ್ನೆಯೇ ಅದು? ಮೂರು ತಿಂಗಳ ಮೇಲೆ ಉತ್ತರ ಬಂತು. "ಭಾವ, ನಮ್ಮ ಲಾರಿಯ ಬಣ್ಣ" ಎಂಬಲ್ಲಿಂದ ಮುಂದೆ, ಪತ್ರ ತೆರೆದು ಓದುವ ಸರ್ಕಾರದವರು ಸಾಲು ಪೂರ್ತಿ ಮಸಿ ಬಳಿದಿದ್ದರು. ಹೆಂಡತಿ ಇಣುಕಿ ನೋಡಿ, "ಕಪ್ಪು ಅಂತ ತೋರ್ಸಿದ್ದಾರಲ್ಲ, ಅದನ್ನೇ ಬಳೀರಿ" ಅಂದಳು.

ಅಷ್ಟರಲ್ಲಿ ಕುಮಟೆಯಿಂದ ಭಟ್ಕಳದ ಕಡೆ ಹೊರಟ ಮಿಲಿಟರಿ ಲಾರಿಗಳು, ಹೊಳೆ ದಾಟಲು ನಮ್ಮ ಧಕ್ಕೆಯಲ್ಲಿ ದೊಡ್ಡ ದೋಣಿಗೆ ಕಾಯುತ್ತ ಸಾಲಾಗಿ ನಿಂತವು. ಅರ್ಧ ದಿನದ ರಜೆ ಹಾಕಿ ಓಡಿದೆ. ಕೈಯಲ್ಲಿ ಒಂದೊಂದು ಬಣ್ಣ ಬಳಿದ ಹನ್ನೊಂದು ಕಡ್ಡಿ. ಒಂದೊಂದನ್ನೇ ಲಾರಿಯ ಬಾಗಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದೆ. ಒಳಗಿದ್ದ ಸಿಪಾಯಿ ಹಿಂದೂಸ್ತಾನಿಯಲ್ಲಿ ಏನೋ ಗದರಿದ, ನಾನು ಹಲ್ಲುಕಿರಿದೆ. ಏಳನೆಯ ಕಡ್ಡಿ ತಾಳೆಯಾಯಿತು. ಹಂಚಿಗಿಂತ ಮಾಸಲು, ಕೆಮ್ಮಣ್ಣಿಗಿಂತ ತಿಳಿ. ಅದನ್ನೇ ಬಳಿದು ಹಳದೀಪುರಕ್ಕೆ ಒಯ್ದು ಕೊಟ್ಟೆ. ಅತ್ತೆ ಲಾರಿಯನ್ನು ದೇವರ ಮಗ್ಗುಲಲ್ಲಿಟ್ಟು ಕೈಮುಗಿದರು.

ಹದಿನೈದು ದಿನದ ಮೇಲೆ ಅದೇ ಧಕ್ಕೆಯಲ್ಲಿ ಮತ್ತೊಂದು ಲಾರಿ. ಡ್ರೈವರ ಹೊಳೆಯಿಂದ ಒಂದು ಬಾಲ್ದಿ ನೀರು ತಂದು ಲಾರಿಯ ಮೂತಿಗೆ ಎರಚಿದ. ಕೆಂಪು ಇಳಿದು ಹೋಯಿತು. ಅಡಿಯಲ್ಲಿ ಹಸಿರು. ಕುಮಟೆ ರಸ್ತೆಯ ಧೂಳನ್ನು ನಾನು ಕೂದಲೆಳೆಯ ವ್ಯತ್ಯಾಸವಿಲ್ಲದೆ ಬಳಿದಿದ್ದೆ.

"ಕೈಮುಗ್ದಾಗದೆ, ಇರ್ಲಿ ಬಿಡಿ" ಎಂದು ಅತ್ತೆ ಎಷ್ಟು ಹೇಳಿದರೂ ಕೇಳದೆ ಲಾರಿಯನ್ನು ಹೊತ್ತು ತಂದು ಕೆರೆದೆ. ಹಸಿರಿಗಾಗಿ ಕರ್ಕಿಗೆ, ಯಕ್ಷಗಾನದ ವೇಷಕ್ಕೆ ಬಣ್ಣ ಅರೆಯುವ ಸುಬ್ರಾಯನಲ್ಲಿಗೆ ಹೋದೆ.

"ಯಾರ ಮುಖಕ್ಕೆ ಮಾಸ್ತರೆ? ರಾಜಂಗಾ, ರಾಕ್ಷಸಂಗಾ?"

"ಲಾರಿಗೆ ಮಾರಾಯ."

"ಹಂಗಾರೆ ಮೀಸೆ ಬೇಡ" ಎಂದು, ಹರದಾಳದ ಹಳದಿಗೆ ಚಿಟಿಕೆ ಕಾಡಿಗೆ ಬೆರೆಸಿ ಅರೆದ. ಮಿಲಿಟರಿ ಹಸಿರು ಕಣ್ಣೆದುರೇ ಹುಟ್ಟಿತು. ಆದರೂ ನಾನು ನಾಲ್ಕು ಸಲ ಅರೆಸಿದೆ.

ಕೊನೆಗೆ ಮಂಜ ರಜೆಯ ಮೇಲೆ ಬಂದ. ಹಸಿರು ಲಾರಿಯನ್ನು ಹಿಡಿದು ನಾನೂ ಹೆಂಡತಿಯೂ ಹಳದೀಪುರಕ್ಕೆ ಹೋದೆವು. ಅವನು ತಿರುಗಿಸಿ ತಿರುಗಿಸಿ ನೋಡಿದ. ಅತ್ತೆ ಅವನ ಬಾಯನ್ನೇ ನೋಡುತ್ತಿದ್ದರು, ನಾನೂ.

"ಚಂದ ಆಗದೆ ಭಾವ. ಆದ್ರೆ ಬಣ್ಣ ಕಂಡವ್ರು ಯಾರು? ಅಲ್ಲಿ ಬರೀ ಮರಳು. ಗಾಡಿಗೂ ಧೂಳು, ನಂಗೂ ಧೂಳು. ಪತ್ರದಲ್ಲಿ ಅದೇ ಬರ್ದಿದ್ದೆ ಅಲ್ದಾ, ನಮ್ಮ ಲಾರಿಯ ಬಣ್ಣ ಧೂಳು ಅಂತ."

ಅತ್ತೆ ಎದ್ದು ಹೋಗಿ ರಸ್ತೆಯ ಅಂಚಿನಿಂದ ಒಂದು ಮುಷ್ಟಿ ಕೆಂಪು ಧೂಳು ತಂದು, ಲಾರಿಯ ಮೇಲೆ ಉದುರಿಸಿ, ಸೆರಗಿಗೆ ಕೈ ಒರೆಸಿಕೊಂಡರು. "ಈಗ ಮನೆಗೆ ಬಂತು. ಆತು."

"ನೀವು ವರ್ಷಗಟ್ಲೆ ಒದ್ದಾಡಿದ್ದನ್ನ ಅಮ್ಮ ಒಂದು ಮುಷ್ಟಿಲಿ ಮುಗ್ಸಿದ್ಲು" ಎಂದಳು ಹೆಂಡತಿ. ನಾನು ತಲೆಯಾಡಿಸಿದೆ. ಪಾಠ ಕಲಿತವನ ಮುಖ ಮಾಡಿಕೊಂಡೆ ಕೂಡ.

ಹೊರಡುವಾಗ ಯಾರಿಗೂ ಕಾಣದಂತೆ ಆ ಧೂಳಿನ ಒಂದು ಚಿಟಿಕೆಯನ್ನು ಕಾಗದದಲ್ಲಿ ಕಟ್ಟಿ ಕಿಸೆಗೆ ಹಾಕಿಕೊಂಡೆ. ಮನೆಗೆ ಬಂದು ಏಳನೆಯ ಕಡ್ಡಿಯ ಪಕ್ಕ ಹಿಡಿದು ನೋಡಿದೆ. ಹಳದೀಪುರದ್ದು ತುಸು ಹೆಚ್ಚು ಕೆಂಪು. ಅತ್ತೆಗೆ ಇನ್ನೂ ಹೇಳಿಲ್ಲ.