ಜಾಮೀನಿನ ಮೇಲೆ ಪಿಎಚ್‌ಡಿ

ಬೇರೆಯವರಿಗೆ ಮುಜುಗರಗಳು ತಾವಾಗಿ ಬರುತ್ತವೆ. ನಾನು ಅರ್ಜಿ ಹಾಕಿ ಕರೆಸಿಕೊಳ್ಳುತ್ತೇನೆ. ಆಮೇಲೆ ಗೊಂದಲವಾಗಬಾರದೆಂದು ಮೊದಲೇ ಹೇಳಿಬಿಡುತ್ತೇನೆ: ನಾನು ಬ್ಯಾಡಗಿಯವಳು, ಹಾವೇರಿ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಕಳೆದ ವರ್ಷ 'ಕಾನೂನು ಮತ್ತು ಸಮಾಜ' ವಿಭಾಗದಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕಿದೆ. ಜನ ಕೋರ್ಟಿಗೆ ಹೋಗದೆ ಜಗಳ ಹೇಗೆ ಬಗೆಹರಿಸಿಕೊಳ್ಳುತ್ತಾರೆ ಎಂಬುದು ನನ್ನ ವಿಷಯ. (ವಕೀಲೆಗೆ ಇಂಥ ವಿಷಯ ಯಾಕೆ ಎಂದು ಮನೆಯಲ್ಲೂ ಕೇಳಿದರು.)

೧. ಹಾವೇರಿ

ಅರ್ಜಿಗೆ ಶಿಫಾರಸು ಪತ್ರ ಬೇಕಿತ್ತು. ಅಂದರೆ, ನಮ್ಮನ್ನು ಬಲ್ಲವರು ನಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕು. ನಮ್ಮ ಸೀನಿಯರ್ ಸಾಹೇಬರನ್ನು ಕೇಳಿದೆ. ಅವರು ಜಾಮೀನು ಕೇಸುಗಳಲ್ಲಿ ಪಳಗಿದವರು, ಬೇರೆ ಕೇಸು ಹಿಡಿಯುವುದೇ ಕಡಿಮೆ. ಚಹಾ ಕುಡಿಯುತ್ತಲೇ ಬರೆಸಿ, ತಾವೇ ಕಳಿಸಿಬಿಟ್ಟರು. ನಾನು ಓದಿದ್ದು ಆಮೇಲೆ. "ಅರ್ಜಿದಾರಳು ಗೌರವಸ್ಥ ಮನೆತನದವಳು. ಬ್ಯಾಡಗಿಯ ಕಾಯಂ ನಿವಾಸಿಯಾದ ಕಾರಣ ತಲೆಮರೆಸಿಕೊಳ್ಳುವ ಸಂಭವವಿಲ್ಲ. ಸಾಕ್ಷಿದಾರರನ್ನು ಹೆದರಿಸುವುದಿಲ್ಲ. ಕರೆದಾಗ ಹಾಜರಾಗುತ್ತಾಳೆ."

"ಸರ್, ಇದು ಜಾಮೀನು ಅರ್ಜಿ ಆಗೇತ್ರಿ" ಎಂದೆ.

"ಆದ್ರ ಏನಾತವ್ವಾ? ಈ ಮಾತಿನ ಮ್ಯಾಲ ಎಂಥೆಂಥವರು ಹೊರಗ ಬಂದಾರ. ನಿನಗ ಒಳಗ ಹೋಗಾಕ ಆಗೂದಿಲ್ಲೇನು?"

೨. ರಾಣೆಬೆನ್ನೂರು

ವಿಶ್ವವಿದ್ಯಾಲಯದವರು ಕೋರ್ಟಿಲ್ಲದೆ ಮುಗಿದ ಒಂದು ಜಗಳವನ್ನು ಉದಾಹರಣೆಯಾಗಿ ಕೇಳಿದ್ದರು. ರಾಣೆಬೆನ್ನೂರಿನಲ್ಲಿ ಪರಿಚಯದ ಅಣ್ಣತಮ್ಮಂದಿರಿದ್ದರು. ನಡುಗೋಡೆಗಾಗಿ ಮಾತು ಬಿಟ್ಟಿದ್ದವರನ್ನು ಅವರ ಸೋದರಮಾವ ಒಂದೇ ತಾಟಿನಲ್ಲಿ ಊಟಕ್ಕೆ ಕೂರಿಸಿ ಒಂದು ಮಾಡಿದ್ದರು. ನನಗೂ ರೊಟ್ಟಿ ಬಡಿಸಿ, ಇಬ್ಬರೂ ನಗುನಗುತ್ತಲೇ ಮಾತಿಗೆ ಕೂತರು.

ತಪ್ಪು ನನ್ನದೇ. ಸಾಕ್ಷಿಯನ್ನು ಪಾಟೀಸವಾಲು ಮಾಡಿ ರೂಢಿಯಾದ ಬಾಯಿಗೆ ಬೇರೆ ಥರ ಪ್ರಶ್ನೆ ಕೇಳಲು ಬರಲಿಲ್ಲ. "ಹಂಗಾರ ನಿಮ್ಮ ತಮ್ಮ ಹೇಳೂದು ಸುಳ್ಳು ಅಂತೀರೇನ್ರಿ?" ಎಂದು ಅಣ್ಣನನ್ನು ಕೇಳಿಬಿಟ್ಟೆ. ಅಣ್ಣ ತಮ್ಮನ ಕಡೆ ತಿರುಗಿದ. ತಮ್ಮ ಎದ್ದು ನಿಂತ. ನಾನು ಕೈ ತೊಳೆಯುವಷ್ಟರಲ್ಲಿ ಇಬ್ಬರೂ ಮತ್ತೆ ಗೋಡೆಯ ಆಚೆ ಈಚೆ ಆಗಿದ್ದರು.

ಅರ್ಜಿಯಲ್ಲಿ 'ಜಗಳ ಸಂಪೂರ್ಣ ಮುಗಿದಿದೆ' ಎಂದು ಬರೆದೆ. ನಾನು ಅವರ ಮನೆಗೆ ಹೋಗುವ ತನಕ ಅದು ನಿಜವೇ ಆಗಿತ್ತು.

೩. ಬ್ಯಾಡಗಿ

ಸಂದರ್ಶನ ಆನ್‌ಲೈನ್‌ನಲ್ಲಿ, ನಾನು ನಮ್ಮ ಮನೆಯಲ್ಲಿ. ಅಂಗಳದ ತುಂಬ ಮೆಣಸಿನಕಾಯಿ ಹರವಿದ್ದರು. ಘಾಟಿಗೆ ಕಣ್ಣಲ್ಲಿ ಧಾರಾಕಾರ ನೀರು. ಸಮಿತಿಯ ಅಧ್ಯಕ್ಷೆ ಮೇಡಂ, ಅಳಬೇಡಿ, ಇನ್ನೂ ಏನೂ ಕೇಳಿಲ್ಲ ಎಂದರು. ನಾನು ಮೆಣಸಿನಕಾಯಿಯ ಬಗ್ಗೆ ಹೇಳಲು ಹೊರಟು, ಒಣಗಿಸುವುದರಿಂದ ಹಿಡಿದು ತೊಟ್ಟು ಬಿಡಿಸುವ ತನಕ ಹೇಳಿದೆ. ಆಮೇಲೆ ಅವರು, ರಾಣೆಬೆನ್ನೂರಿನ ಜಗಳ ಖಂಡಿತ ಮುಗಿದಿದೆಯೇ ಎಂದು ಕೇಳಿದರು. ಹೌದು ಮೇಡಂ ಎಂದೆ.

ಅಷ್ಟರಲ್ಲಿ ಅದೇ ಅಣ್ಣ ಬಂದ. ನಮ್ಮವ್ವ, ಒಳಗ ಅದಾಳ ಹೋಗ್ರಿ ಎಂದು ನೇರ ಕಳಿಸಿದ್ದಳು. ನನ್ನ ಬೆನ್ನ ಹಿಂದೆ, ಕ್ಯಾಮೆರಾಕ್ಕೆ ಸರಿಯಾಗಿ ನಿಂತು ಹೇಳಿದ: "ಅಕ್ಕಾರ, ನೀವು ಬಂದು ಹೋದಾಗಿಂದ ಮತ್ತ ಜಗಳ ಹತ್ತೇತ್ರಿ. ಕೇಸ ಹಾಕೂಣು. ವಕೀಲರು ನೀವ ಆಗ್ರಿ."

ಮೇಡಂ ನನ್ನ ಶಿಫಾರಸು ಪತ್ರವನ್ನು ಕೈಗೆತ್ತಿಕೊಂಡರು. ಸಾಕ್ಷಿದಾರರನ್ನು ನೀವು ಹೆದರಿಸುವುದಿಲ್ಲ ಎಂದಿದೆ, ಅವರು ನಿಮ್ಮನ್ನು ಹೆದರಿಸಿದರೆ ಏನು ಮಾಡಬೇಕೆಂದು ಬರೆದಿಲ್ಲ ಎಂದರು. ಈಗ ಬಂದ ಕಣ್ಣೀರಿಗೆ ಮೆಣಸಿನಕಾಯಿ ಕಾರಣವಲ್ಲ.

ಇಷ್ಟಾದರೂ ಸೀಟು ಸಿಕ್ಕಿತು, ಎರಡು ಷರತ್ತಿನ ಮೇಲೆ. ಮೊದಲ ವರ್ಷ ನಾನು ರಾಣೆಬೆನ್ನೂರಿಗೆ ಹೋಗಬಾರದು. ಮಾರ್ಗದರ್ಶಕರ ಅನುಮತಿಯಿಲ್ಲದೆ ಆ ಅಣ್ಣತಮ್ಮಂದಿರನ್ನು ಭೇಟಿಯಾಗಬಾರದು. (ಸೋದರಮಾವ ಅವರನ್ನು ಮತ್ತೆ ಒಂದೇ ತಾಟಿಗೆ ಕೂರಿಸಿದರಂತೆ. ಈ ಸಲ ನನ್ನನ್ನು ಕರೆಯಲಿಲ್ಲ.)

ತಲೆ ತಗ್ಗಿಸಿಕೊಂಡೇ ಸೀಟಿನ ಪತ್ರವನ್ನು ಸೀನಿಯರ್ ಸಾಹೇಬರ ಮುಂದಿಟ್ಟೆ. ಅವರು ಷರತ್ತುಗಳನ್ನು ಎರಡು ಸಲ ಓದಿ, ಕನ್ನಡಕ ತೆಗೆದರು.

"ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಮಾಡು ಅಂದಿಲ್ಲಲ್ಲ? ಹಂಗಾರ ಭಾಳ ಚಲೋ ಆರ್ಡರ್ ಐತಿ ತಗೋವ್ವಾ."