ಬಾಯಿ ಮುಚ್ಚಿದ ಎತ್ತಿನ ಬೆಲಿ

ಡ್ರಾಯಿಂಗ್ ಮಾಸ್ತರ ಅಂದ್ರ ಏನು ಮಾಡತಾನ ಅನ್ನೂದು ನಮ್ಮ ಕಡೆ ಯಾರಿಗೂ ಬರೋಬ್ಬರಿ ಗೊತ್ತಿಲ್ಲ. ಹಿಂಗಾಗಿ ಯಾರ ಕೈಲೂ ಆಗಲಾರದ ಕೆಲಸೆಲ್ಲಾ ಅವನ ಕಡೆ ಬರತಾವು. ಸಿಂದಗಿ ಸಾಲ್ಯಾಗ ಸೇರಿದ ಮ್ಯಾಲ ನಾ ಲಗ್ನದ ಮನಿ ಗ್ವಾಡಿಗೆ ಆನಿ ಬರದೇನಿ, ಕಾರಹುಣ್ಣಿಮಿಗೆ ಎತ್ತಿನ ಕ್ವಾಡಿಗೆ ಬಣ್ಣಾ ಹಚ್ಚೇನಿ. ಒಬ್ಬ ಹಿರ್ಯಾ ತೀರಿಕೊಂಡಾಗ, ಫೋಟೊ ಇಲ್ಲ ಅಂತ ಹೇಳಿ, ಹೆಣದ ಮುಂದ ಕುಂತು ಕಣ್ಣು ತೆರದಂಗ ಚಿತ್ರಾನೂ ಬರದೇನಿ. ಆ ಕಣ್ಣು ಯಾವ ಮಗನ್ನ ನೋಡಾಕತ್ತಾವು ಅಂತ ಆ ಮನ್ಯಾಗ ಅಣ್ಣತಮ್ಮರ ಜಗಳ ಇನ್ನೂ ಮುಗದಿಲ್ಲ.

ಆದ್ರ ಎಪ್ಪತ್ನಾಕೋ ಎಪ್ಪತ್ತೈದೋ ಇಸ್ವಿ ಒಳಗ ಒಂದು ಹಳೇ ಚಿತ್ರಾ ಸಿಕ್ಕು, ಅದರ ಬೆಲಿ ತಿಳಕೊಳ್ಳಾಕ ನಾ ಊರೂರು ತಿರಗಿದ್ದು ಐತೆಲ್ಲಾ, ಅದರ ಗಾಬರಿ ನನಗ ಇನ್ನೂ ಇಳದಿಲ್ಲ.

ಇಂಡಿ

ಪರೀಕ್ಷಾ ಸುಪರ್ವಿಜನ್ ಅಂತ ಇಂಡಿಗೆ ಹೋಗಿದ್ದೆ. ಹೊಳ್ಳಿ ಬರೂ ಬಸ್ಸು ತಪ್ಪತು. ಸ್ಟ್ಯಾಂಡಿನ ಹಿಂದ ಒಂದು ಹಳೇ ಸಾಮಾನಿನ ಅಂಗಡಿ. ಮುರದ ಗ್ರಾಮೋಫೋನು, ಹಿತ್ತಾಳಿ ದೀಪ, ಮುಳ್ಳಿಲ್ಲದ ಗಡಿಯಾರ. ಹಿಂದಿನ ಬಾಗಲಕ್ಕ ಒಂದು ಚೌಕಟ್ಟು ಅಡ್ಡ ಇಟ್ಟಿದ್ರು, ಕೋಳಿ ಒಳಗ ಬರಬಾರದು ಅಂತ. ಸುಮ್ಮನ ಹೊಳ್ಳಿಸಿ ನೋಡಿದೆ.

ಅರಿವಿ ಮ್ಯಾಲ ಎಣ್ಣಿ ಬಣ್ಣದಾಗ ಬರದ ಚಿತ್ರ. ಒಂದು ಬಿಳಿ ಎತ್ತು, ಅದರ ಹಗ್ಗಾ ಹಿಡಕೊಂಡು ಹಳದಿ ರುಮಾಲಿನ ಒಬ್ಬ ಮನಶ್ಯಾ. ಸಹಿ ಇಲ್ಲ, ಇಸ್ವಿ ಇಲ್ಲ. ಆದ್ರ ಎತ್ತಿನ ಕಣ್ಣಾಗಿನ ನೀರಿನ ಹೊಳಪು ಸುದ್ದಾ ಹಿಡದಿದ್ದ ಪುಣ್ಯಾತ್ಮ.

"ಎಷ್ಟಕ್ಕ ಕೊಡತೀರಿ?" ಅಂದೆ.

ಅಂಗಡಿಯಂವ ಸೀದಾ ಅದನ್ನ ತಕ್ಕಡ್ಯಾಗ ಇಟ್ಟ. "ಸಾಗವಾನಿ ಚೌಕಟ್ಟು, ತೂಕದ ಮ್ಯಾಲ. ಗಾಜಿಂದು ಬ್ಯಾರೇ."

"ಮತ್ತ ಚಿತ್ರಕ್ಕ?"

"ಚಿತ್ರಕ್ಕೇನೈತ್ರಿ, ಅದು ಒಳಗ ಇತ್ತು."

ತೂಗಿದ, ಆಮ್ಯಾಲ ಒಂದು ತೂಕದ ಕಲ್ಲು ತಗದು ಬಾಜೂಕ ಇಟ್ಟ. ಯಾಕ ಅಂದೆ. "ಅರಿವೀದು ಪಾವ ಕಿಲೋ ಕಳದೇನ್ರಿ. ಕಟಗಿ ರೇಟಿನ್ಯಾಗ ಅರಿವಿ ಕೊಟ್ರ ನಿಮಗ ಮೋಸಾ ಮಾಡಿಧಂಗ ಆಗತೈತಿ."

ಒಳಗ ಚಿತ್ರಾ ಇತ್ತು ಅಂತ ನನಗ ಹನ್ನೆರಡಾಣೆ ಕಡಿಮಿ ಬಿತ್ತು.

ಸಿಂದಗಿ

ನಮ್ಮ ಸಾಲಿ ಚೇರ್ಮನ್ನರು ದೊಡ್ಡ ಒಕ್ಕಲುತನದವರು. ಡ್ರಾಯಿಂಗ್ ತಾಸಿನ ಮ್ಯಾಲ ಅವರಿಗೆ ಮೊದಲಿಂದನೂ ಸಿಟ್ಟು. "ಹುಡುಗುರು ಬದನಿಕಾಯಿ ಬರದು ಏನು ಮಾಡತಾವು? ನಮ್ಮ ಹೊಲದಾಗ ಖರೇ ಬದನಿಕಾಯಿ ಅದಾವು" ಅಂತಿದ್ರು. ನಾ ಚಿತ್ರಾ ಹೊತಗೊಂಡು ಸಾಲಿಗೆ ಹೋದ ದಿನಾನ ಅವರೂ ಬಂದಿದ್ರು.

"ಇದೇನ್ರಿ ಮಾಸ್ತರ?"

"ಹಳೇ ಚಿತ್ರರಿ. ಭಾಳ ಬೆಲಿ ಬಾಳತೈತಿ."

"ಎಷ್ಟು?"

ಅಲ್ಲೇ ನಾ ಬಾಯಿ ಮುಚ್ಚಬೇಕಿತ್ತು. ಗಣಿತದ ಮಾಸ್ತರ ಬಾಜೂಕ ನಿಂತು ನಗಾಕತ್ತಿದ್ದ. "ಸಾವಿರ ರೂಪಾಯಿ" ಅಂದುಬಿಟ್ಟೆ. ನನ್ನ ಮೂರು ತಿಂಗಳ ಪಗಾರ ಕೂಡಿಸಿದ್ರೂ ಅಷ್ಟು ಆಗತಿರಲಿಲ್ಲ. ನನ್ನ ಮಾತಿಗೆ ನಾನ ದಂಗಾದೆ.

ಚೇರ್ಮನ್ನರು ಶಾಂತ ಇದ್ರು. "ತಿಂಗಳ ಕಡೀಕ ಕಮಿಟಿ ಮೀಟಿಂಗ್ ಐತಿ. ತಿಳದವರನ್ನ ಒಬ್ಬರನ್ನ ಕರಕೊಂಡು ಬಂದು, ಇದು ಸಾವಿರ ಬಾಳತೈತಿ ಅಂತ ಹೇಳಸ್ರಿ. ಹಂಗಾದ್ರ ಡ್ರಾಯಿಂಗ್ ಇರಲಿ. ಇಲ್ಲಾಂದ್ರ ಆ ತಾಸು ತಗದು ಡ್ರಿಲ್ ಹಾಕೂಣು. ನೀವ ಮಾಡಸ್ರಿ." ಹಂಗ ಅಂದು ಕಪಾಟಿನ್ಯಾಗಿಂದ ಒಂದು ಹಿತ್ತಾಳಿ ಸೀಟಿ ತಗದು ನನ್ನ ಕೈಯಾಗ ಇಟ್ರು. "ಇಟ್ಟಗೋರಿ. ಆಮ್ಯಾಲ ಹುಡುಕೂದು ಯಾಕ."

ನನ್ನ ಮೈ ಡ್ರಿಲ್ಲಿಗೆ ಮಾಡಿದ್ದಲ್ಲ. ನಾಕು ಪಾವಟಿಗಿ ಏರಿದ್ರ ಮೊದಲು ಕುಂದರತೇನಿ, ಆಮ್ಯಾಲ ಮಾತಾಡತೇನಿ.

ಮನಿಗೆ ಬಂದು, "ಇದನ್ನ ಯಾರೂ ಮುಟ್ಟಬಾರದು" ಅಂತ ಹೆಂಡತಿಗೆ ಹೇಳಿ ಮಾರಿ ತೊಳಕೊಳ್ಳಾಕ ಹೋದೆ. ಹೊಳ್ಳಿ ಬರೂದ್ರಾಗ ಆಕಿ ಗಾಜು ತಗದು, ಕೊಬ್ಬರಿ ಎಣ್ಣಿ ಬಟ್ಟಲಾ ಬಾಜೂಕ ಇಟ್ಟಗೊಂಡು, ಕೂಸಿನ ನೆತ್ತಿಗೆ ಹಚ್ಚಿಧಂಗ ಎತ್ತಿಗೆ ಎಣ್ಣಿ ಹಚ್ಚಾಕತ್ತಿದ್ಲು. ಹೊಸ್ತಿಲದ ಮ್ಯಾಲ ಕುಂತೆ.

"ಧೂಳಾ ಹೆಂಗ ಬಿಡಾಕತ್ತೈತಿ ನೋಡ್ರಿ" ಅಂದ್ಲು. "ಹೆಗಲ ಮ್ಯಾಲ ಜೋಡಿ ಸುಳಿ ಕಾಣಾಕತ್ತಾವು."

"ಅವು ಸುಳಿ ಅಲ್ಲ. ಬಣ್ಣಾ ಹಚ್ಚೂಮುಂದ ಕುಂಚ ಜಾರೈತಿ."

"ನಮ್ಮಪ್ಪನ ಮನ್ಯಾಗ ಎಂಟು ಎತ್ತು ಇದ್ವು. ನಿಮ್ಮಪ್ಪನ ಮನ್ಯಾಗ?"

ನಮ್ಮಪ್ಪನ ಮನ್ಯಾಗ ಒಂದು ಸೈಕಲ್ ಇತ್ತು.

ಮುದ್ದೇಬಿಹಾಳ

ತಿಳದವರು ಅಂದ್ರ ನನಗ ಗೊತ್ತಿದ್ದವರು ಒಬ್ಬರ. ನಲವತ್ತು ವರ್ಷ ಡ್ರಾಯಿಂಗ್ ಪರೀಕ್ಷಾದ ಪೇಪರ್ ತಿದ್ದಿ, ರಿಟೈರ್ ಆಗಿ ಮುದ್ದೇಬಿಹಾಳದಾಗ ಇದ್ರು. ಒಂದು ಕಾಲಕ್ಕ ನನ್ನ ಪೇಪರೂ ಅವರ ಕೈಯಾಗ ಸಿಕ್ಕಿತ್ತು. ಚಿತ್ರಾ ಧೋತರದಾಗ ಸುತ್ತಿ ತೊಡಿಮ್ಯಾಲ ಇಟ್ಟಗೊಂಡು ಬಸ್ಸಿನ್ಯಾಗ ಹೊಂಟೆ. ಕಂಡಕ್ಟರ್ ಧೋತರ ಸರಿಸಿ ನೋಡಿ, ಎತ್ತಿಗೆ ಲಗೇಜು, ಹಗ್ಗಾ ಹಿಡದಾಂವಗ ಅರ್ಧಾ ತಿಕೀಟು ಅಂದ. ಕೊಟ್ಟೆ.

ಹಿರ್ಯಾರು ಒಂದರ ಮ್ಯಾಲ ಒಂದು ಎರಡು ಚಸ್ಮಾ ಹಾಕ್ಕೊಂಡು ಒಂದು ತಾಸು ನೋಡಿದ್ರು. ದೂರಿಂದ ನೋಡಿದ್ರು, ಹತ್ತರಿಂದ ನೋಡಿದ್ರು. ಆಮ್ಯಾಲ ಮೂಸಿ ನೋಡಿ, "ಕೊಬ್ಬರಿ ಎಣ್ಣಿ ವಾಸನಿ ಐತಿ. ಇದು ಕೇರಳದ ಕಡೀ ಪದ್ಧತಿ" ಅಂದ್ರು. ನಾ ಹೆಂಡತಿ ಸುದ್ದಿ ತಗೀಲಿಲ್ಲ.

ಕಡೀಕ ಚಿತ್ರಾ ಬೋರಲಾಗಿ ಮಲಗಿಸಿದ್ರು. ನಾ ಏಳೂದರೊಳಗ ಕೆಂಪು ಪೆನ್ಸಿಲ್ ತಗದು ಹಿಂದಿನ ಅರಿವಿ ಮ್ಯಾಲ ದಪ್ಪಾಗಿ ಬರದುಬಿಟ್ರು: ನೂರಕ್ಕ ನಲವತ್ತೆರಡು.

ನಾ ಚಿತ್ರಾ ಎಳಕೊಂಡೆ.

"ಶೇಡಿಂಗ್ ಸಾಲದು" ಅಂದ್ರು. "ಕುತಿಗಿ ಕೆಳಗ ನೆರಳು ಎಲ್ಲೈತಿ? ಮತ್ತ ಹೆಗಲ ಮ್ಯಾಲ ಎರಡು ಕಡೆ ಕುಂಚ ಜಾರೈತಿ. ಅದಕ್ಕ ಐದು ಮಾರ್ಕ ಕಟ್."

"ಅದು ಸರಿ ಸರ್, ರೊಕ್ಕದಾಗ ಎಷ್ಟು ಬಾಳಬಹುದು?"

"ರೊಕ್ಕ ನನಗೇನು ಗೊತ್ತು? ಜನ್ಮದಾಗ ನಾ ಯಾರಿಗೂ ರೊಕ್ಕ ಕೊಟ್ಟಿಲ್ಲ, ಮಾರ್ಕ ಕೊಟ್ಟೇನಿ."

ನಾ ಹೊಂಟು ನಿಂತಾಗ ಬೆನ್ನ ಮ್ಯಾಲ ಕೈ ಆಡಿಸಿದ್ರು. "ಮನಸಿಗೆ ಹಚ್ಚಿಗೋಬ್ಯಾಡ. ನಿನ್ನ ಪೇಪರಿಗೆ ಮೂವತ್ತಾರು ಕೊಟ್ಟಿದ್ದೆ."

ಬಸವನ ಬಾಗೇವಾಡಿ

ಮೀಟಿಂಗಿಗೆ ನಾಕು ದಿನಾ ಉಳದಿದ್ವು. ಹೊಳ್ಳಿ ಬರೂಮುಂದ ಬಾಗೇವಾಡ್ಯಾಗ ಬಸ್ಸು ಬದಲಿ ಮಾಡಬೇಕು. ಅವತ್ತು ಅಲ್ಲಿ ದನದ ಸಂತಿ. ಚಿತ್ರಾ ಬೇವಿನ ಗಿಡಕ್ಕ ಆನಿಸಿ, ಅದಕ್ಕ ಸುತ್ತಿದ ಧೋತರದಾಗ ಬೆವರು ವರಸಿಕೊಂಡು, ಚಾ ಕುಡ್ಯಾಕ ಹೋದೆ. ಹೊಳ್ಳಿ ನೋಡತೇನಿ, ಇಪ್ಪತ್ತು ಮಂದಿ ಚಿತ್ರದ ಸುತ್ತ ನಿಂತಾರ. ನಡುವ ಒಬ್ಬ ವಯಸ್ಸಾದ ದಲಾಲಿ ಕುಕ್ಕರಗಾಲಿಲೆ ಕುಂತಾನ. ಜೀವಾ ಇರೂ ಎತ್ತು ಸಂತಿ ತುಂಬ ಅದಾವು, ಅವುಗಳ ಕಡೆ ಯಾರೂ ನೋಡವಲ್ರು.

"ಯಾರದು ಈ ಎತ್ತು?" ಅಂದ ದಲಾಲಿ.

"ನಂದರಿ."

"ಹಲ್ಲೆಷ್ಟು? ವಯಸ್ಸು ತಿಳೀಬೇಕಲ್ಲ."

"ಬಾಯಿ ಮುಚ್ಚೈತ್ರಿ."

ಅಂವ ನನ್ನ ಮಾರಿ ನೋಡಿದ. "ಬಾಯಿ ಮುಚ್ಚಿದ ಎತ್ತು ತಂದು ಸಂತ್ಯಾಗ ನಿಲ್ಲಸೀರಿ. ಧೈರ್ಯ ಐತಿ ನಿಮಗ."

ಆಮ್ಯಾಲ ಗೊರಸಿನಿಂದ ಸುರು ಮಾಡಿ ಮ್ಯಾಲ ಮ್ಯಾಲ ನೋಡಕೋತ ಬಂದ. ಹೆಗಲಿಗೆ ಬಂದ ಕೂಡಲೇ ಅವನ ಬೆರಳು ನಿಂತಿತು. ಎತ್ತಿನ ಮೈಮ್ಯಾಲ ಕೂದಲಾ ಸುತ್ತಿದ ಸುಳಿ ನೋಡಿನ ಅದರ ಬೆಲಿ ಕಟ್ಟೂದು. ಚಲೋ ಸುಳಿ ಇದ್ರ ಬೆಲಿ ಏರತೈತಿ, ಕೆಟ್ಟ ಸುಳಿ ಇದ್ರ ಪುಕ್ಕಟೆ ಕೊಟ್ರೂ ಯಾರೂ ಹೊಡಕೊಂಡು ಹೋಗೂದಿಲ್ಲ.

"ಹೆಗಲಿಗೆ ಹಿಂಗ ಜೋಡಿ ಸುಳಿ ಇದ್ದ ಎತ್ತು ಈ ಸೀಮ್ಯಾಗ ಒಂದ ಆಗಿತ್ತು" ಅಂದ. "ನಮ್ಮಪ್ಪ ಮಸೂತಿ ಊರಿನ ವಾಡೇಕ ಮಾರಿದ್ದು. ನಾ ಸಣ್ಣಾಂವ ಇದ್ದಾಗ ಇದರ ಕಡಿಂದ ಒದಿಸಿಕೊಂಡೇನಿ." ಧೋತರ ಸರಿಸಿ ಮೊಣಕಾಲಿನ ಗಾಯದ ಕಲಿ ತೋರಿಸಿದ.

ಐದು ಮಾರ್ಕ ಕಟ್ ಆದ ಜಾಗಾ ಅದು.

ಮಸೂತಿ ವಾಡೇದ ಅಜ್ಜಾರು ಅವತ್ತ ಎತ್ತು ಕೊಳ್ಳಾಕ ಸಂತಿಗೆ ಬಂದಿದ್ರು. ಯಾರೋ ಓಡಿ ಹೋಗಿ ಕರಕೊಂಡು ಬಂದ್ರು. ಅಜ್ಜಾರು ಕೋಲು ಬಿಟ್ಟು ಚಿತ್ರದ ಮುಂದ ಕುಂತ್ರು. "ಇಂವ ಸತ್ತ ದಿನಾ ನಮ್ಮಪ್ಪ ಉಣ್ಣಲಿಲ್ಲ" ಅಂದ್ರು.

"ಹಗ್ಗಾ ಹಿಡದವರು ನಿಮ್ಮ ಅಪ್ಪಾರೇನ್ರಿ?" ಅಂತ ಮೆತ್ತಗ ಕೇಳಿದೆ.

ಅಜ್ಜಾರು ಮೊದಲನೇ ಸಲ ಆ ಮನಶ್ಯಾನ ಕಡೆ ನೋಡಿದ್ರು. "ಗುರ್ತು ಸಿಗವಲ್ದು. ಆದ್ರ ಈ ಎತ್ತು ಬ್ಯಾರೇದವರನ್ನ ಬಾಜೂಕ ನಿಲ್ಲಗೊಡತಿರಲಿಲ್ಲ. ಹಂಗಾದ್ರ ನಮ್ಮಪ್ಪನ ಇರಬೇಕು."

ಟಾವೆಲ್

ದನದ ಸಂತ್ಯಾಗ ಬೆಲಿ ಬಾಯಿಲೆ ಹೇಳೂದಿಲ್ಲ. ಟಾವೆಲ್ ಕೆಳಗ ಕೈ ಹಿಡದು ಬೆರಳಿಲೆ ಹೇಳತಾರ, ನಿಂತವರಿಗೆ ತಿಳೀಬಾರದು ಅಂತ. ನಾ ಸೈಕಲ್ ಮನ್ಯಾಂವ, ನನಗ ಇದು ಗೊತ್ತಿರಲಿಲ್ಲ.

ದಲಾಲಿ ನನ್ನ ಕೈ ಅಜ್ಜಾರ ಕೈಯಾಗ ಇಟ್ಟು ಮ್ಯಾಲ ಟಾವೆಲ್ ಹಾಕಿದ. ಅಜ್ಜಾರ ಕಣ್ಣಾಗ ನೀರಿತ್ತು. ದುಃಖದಾಗ ಇದ್ದವರಿಗೆ ಸಮಾಧಾನ ಹೇಳ್ರಿ ಅನ್ನಾಕತ್ತಾನ ಅಂತ ತಿಳಕೊಂಡೆ. ಅಜ್ಜಾರು ನನ್ನ ಒಂದು ಬೆರಳು ಹಿಡದ್ರು. ಪಾಪ ಅನಸ್ತು. ನಾ ಅವರ ಐದೂ ಬೆರಳು ಗಟ್ಟಿಯಾಗಿ ಹಿಡದೆ.

ಅಜ್ಜಾರ ಅಳು ನಿಂತಿತು.

ಸ್ವಲ್ಪ ಹೊತ್ತಿನ ಮ್ಯಾಲ ಎರಡು ಬೆರಳು ಹಿಡದ್ರು. ದುಃಖ ಜಾಸ್ತಿ ಆತು ಅಂತ ನಾ ಇನ್ನೊಂದು ಕೈನೂ ಟಾವೆಲ್ ಒಳಗ ಹಾಕಿ, ಅವರ ಎರಡೂ ಕೈ ಹತ್ತೂ ಬೆರಳು ಕೂಡಿಸಿ ಒತ್ತಿ ಹಿಡದೆ.

ಅಜ್ಜಾರು ದಲಾಲಿ ಕಡೆ ತಿರಗಿ, "ಈ ಮಾಸ್ತರಗ ಕರಳು ಅನ್ನೂದು ಇಲ್ಲ" ಅಂದ್ರು.

ದಲಾಲಿ ನನ್ನ ಕಿವ್ಯಾಗ ಬಾಗಿದ. "ಒಂದು ಬೆರಳಂದ್ರ ಸಾವಿರರಿ. ಅವರು ಎರಡಕ್ಕ ಬಂದಾರ, ನೀವು ಹತ್ತಕ್ಕ ಹೋಗೀರಿ. ಇಷ್ಟು ಕಟುಕತನ ಬ್ಯಾಡ್ರಿ."

ನನ್ನ ಕೈ ತಾನ ಬಿಟ್ಟಿತು. "ಒಂದ ಸಾಕ್ರಿ" ಅಂದುಬಿಟ್ಟೆ. ಬಾಯಿಲೆ, ಎಲ್ಲಾರಿಗೂ ಕೇಳೂಹಂಗ.

ದಲಾಲಿ ಗಡಬಡಿಸಿ ಟಾವೆಲ್ ತಗದು ನನ್ನ ಬಾಯಿ ಮ್ಯಾಲ ಹಾಕಿದ.

ಅಜ್ಜಾರು ಸಾವಿರ ಕೊಟ್ಟು ಚಿತ್ರಾ ಬಂಡ್ಯಾಗ ನಿಲ್ಲಿಸಿದ್ರು. "ಎತ್ತು ತರತೇನಿ ಅಂತ ಮನ್ಯಾಗ ಹೇಳಿ ಬಂದಿದ್ದೆ. ಸುಳ್ಳಾಗಲಿಲ್ಲ" ಅಂದು, ಅದರ ಮುಂದ ಒಂದು ಹಿಡಿ ಕಣಕಿ ಮೇವು ಹಾಕಿದ್ರು.

ಕಮಿಟಿ

ಮೀಟಿಂಗಿಗೆ ಚಿತ್ರಾ ಇರಲಿಲ್ಲ, ದಲಾಲಿ ಇದ್ದ. ಕೈಕಾಲು ಹಿಡದು ಕರಕೊಂಡು ಬಂದಿದ್ದೆ. "ತಿಳದವರು ಎಲ್ಲಿ?" ಅಂತ ಚೇರ್ಮನ್ನರು ಕೇಳಿದ್ರು. ನಾ ಹೆದರಕೋತ ತೋರಿಸಿದೆ. ಕಮಿಟಿ ಮಂದಿ ಎಲ್ಲಾರೂ ಎದ್ದು ನಿಂತ್ರು. ಅವರ ಮನ್ಯಾಗಿನ ಎತ್ತೆಲ್ಲಾ ಅವನ ಕೈಲೆನ ಬಂದಿದ್ವು.

"ಎಷ್ಟಕ್ಕ ಹೋತ್ರಿ ಚಿತ್ರಾ?"

ದಲಾಲಿ ಬಾಯಿ ಬಿಡಲಿಲ್ಲ. ಚೇರ್ಮನ್ನರ ಕೈಮ್ಯಾಲ ಟಾವೆಲ್ ಹಾಕಿ ಬೆರಳು ಒತ್ತಿದ. ಅವರ ಹುಬ್ಬು ಮ್ಯಾಲ ಹೋದ್ವು. ಹಂಗ ಒಬ್ಬೊಬ್ಬರದಾಗಿ ಎಲ್ಲಾರ ಕೈನೂ ಹಿಡಕೋತ ಹೋದ. ಬರಕೊಳ್ಳಾಕ ಕುಂತ ಹೆಡ್ ಮಾಸ್ತರಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅವರು ಹಿಂಗ ಬರದ್ರು: "ಚಿತ್ರದ ಬೆಲೆಯನ್ನು ಸದಸ್ಯರಿಗೆ ಕೈಯಿಂದ ತಿಳಿಸಲಾಯಿತು. ಸದಸ್ಯರು ಗಾಬರಿಯಾದರು. ಡ್ರಾಯಿಂಗ್ ತಾಸನ್ನು ಮುಂದುವರಿಸಲು ಒಪ್ಪಲಾಯಿತು."

ನಾ ಸೀಟಿ ಹೊಳ್ಳಿ ಕೊಡಾಕ ಹೋದೆ. "ಇರಲಿ, ಇಟ್ಟಗೋರಿ" ಅಂದ್ರು ಚೇರ್ಮನ್ನರು.

ಚೇರ್ಮನ್ನರ ಎತ್ತು

ಆಮ್ಯಾಲ ಅವರು ನನ್ನ ಬಾಜೂಕ ಕರದ್ರು. "ನಮ್ಮನ್ಯಾಗ ಒಂದು ಎತ್ತು ಐತಿ. ಬರೂ ತಿಂಗಳು ಮಾರಬೇಕಂತ ಮಾಡೇನಿ. ಹೋಗೂದರೊಳಗ ಅದರ ಚಿತ್ರಾ ಬರೀರಿ. ಹುಬೇಹೂಬ ಬರಬೇಕು ಮತ್ತ, ಇದ್ದದ್ದು ಇದ್ದಂಗ."

ಎರಡು ವಾರ ಬರದೆ. ಜನ್ಮದಾಗ ಅಷ್ಟು ಮನಸಿಟ್ಟು ಏನೂ ಬರದಿಲ್ಲ. ಎತ್ತಿನ ಕುತಿಗಿಗೆ ಅಗಲಾದ ಗೆಜ್ಜಿ ಪಟ್ಟಿ ಕಟ್ಟಿದ್ರು. ಅದು ಇದ್ರ ಕುತಿಗಿ ನೆರಳು ಸಿಗೂದಿಲ್ಲ, ಮುದ್ದೇಬಿಹಾಳದ ಹಿರ್ಯಾರ ಮಾತು ನನ್ನ ತಲ್ಯಾಗ ಕುಂತಿತ್ತು. ಚೇರ್ಮನ್ನರು ಹೊಲಕ್ಕ ಹೋದಾಗ ಪಟ್ಟಿ ಬಿಚ್ಚಿ ಬರೀತಿದ್ದೆ, ಆಮ್ಯಾಲ ಹೊಳ್ಳಿ ಕಟ್ಟತಿದ್ದೆ. ಪಟ್ಟಿ ಕೆಳಗ ಒಂದು ಸುಳಿ ಇತ್ತು. ಕುಂಚ ಜಾರೈತಿ ಅಂತ ಯಾರೂ ಅನಬಾರದು ಅಂತ, ಅದನ್ನ ಒಂದೊಂದು ಕೂದಲಾ ಬಿಡಿಸಿ ಬರದೆ.

ಚಿತ್ರಾ ಮುಗಿಸಿ ಧೋತರದಾಗ ಸುತ್ತಿ ಒಯ್ದ ದಿನಾ, ಅವರ ಕಟ್ಟಿ ಮ್ಯಾಲ ಬಾಗೇವಾಡಿ ದಲಾಲಿ ಕುಂತಿದ್ದ, ಎತ್ತು ಕೊಳ್ಳಾಂವ ಒಬ್ಬನ್ನ ಕರಕೊಂಡು ಬಂದಿದ್ದ. ವ್ಯಾಪಾರ ಕುದುರಿ, ಚಾ ಬಂದಿತ್ತು.

"ಹೊತ್ತಿಗೆ ಸರಿಯಾಗಿ ಬಂದ್ರಿ ಮಾಸ್ತರ. ಬಿಚ್ಚರಿ, ಎಲ್ಲಾರೂ ನೋಡಲಿ" ಅಂದ್ರು ಚೇರ್ಮನ್ನರು.

ಬಿಚ್ಚಿದೆ. ದಲಾಲಿ ಚಿತ್ರಾ ನೋಡಿದ. ಅಂಗಳದಾಗ ನಿಂತ ಎತ್ತಿನ ಪಟ್ಟಿ ನೋಡಿದ. ಮತ್ತ ಚಿತ್ರಾ ನೋಡಿದ. ಕುಡ್ಯಾಕತ್ತಿದ್ದ ಚಾ ಕೆಳಗ ಇಟ್ಟು ಚಪ್ಪಲಿ ಮೆಟ್ಟಿದ. ಪಟ್ಟಿ ಬಿಚ್ಚರಿ ಅಂತ ಸುದ್ದಾ ಕೇಳಲಿಲ್ಲ. ಕೊಳ್ಳಾಂವ ಅವನ ಹಿಂದ ಎದ್ದ. ನನ್ನ ಹತ್ತರ ಬಂದಾಗ ದಲಾಲಿ ನನ್ನ ಐದೂ ಬೆರಳು ಹಿಡದು ಒತ್ತಿದ. ಈ ಸಲ ಖರೇನ ಸಮಾಧಾನ ಹೇಳಾಕತ್ತಿದ್ದ.

ಚೇರ್ಮನ್ನರ ಮಾರಿ ಸುಣ್ಣದಂಗ ಆಗಿತ್ತು.

"ಸೀಟಿ ಎಲ್ಲೈತಿ ಮಾಸ್ತರ?"

"ಕಿಸೆದಾಗ ಐತ್ರಿ."

"ಸೋಮವಾರದಿಂದ ಡ್ರಿಲ್. ಊದಿ ನೋಡ್ರಿ."

ಊದಿದೆ. ಎತ್ತು ಬೆದರಿ ಕುತಿಗಿ ಝಾಡಿಸ್ತು. ನಾ ಹೊಳ್ಳಿ ಕಟ್ಟಿದ್ದ ಪಟ್ಟಿ ಕಳಚಿ ಕೆಳಗ ಬಿತ್ತು.

ಚಿತ್ರಾ ಹುಬೇಹೂಬ ಬಂದಿತ್ತು.